ಬೀಜದ ಭತ್ತದ ಮೇಲೆ ಹೆರಿಗೆ

ಉರಿಯುತ್ತಿದ್ದ ಆ ಮನೆಯಿಂದ ಮೊದಲು ಹೊರಗೆ ಬಂದದ್ದು ಸೈಕಲ್ಲು. ಹಸಿರು ಬಣ್ಣದ್ದು, ಮುಂದೆ ದೀಪ, ಹಿಂದೆ ಕ್ಯಾರಿಯರ್ರು, ಹ್ಯಾಂಡಲ್ಲಿಗೆ ಎರಡು ಕಡೆ ಕೆಂಪು ಕುಚ್ಚು. ನೆಲಕ್ಕೆ ತಾಗದ ಹಾಗೆ ಎರಡು ಕೈಯಲ್ಲಿ ಎತ್ತಿ ಹೊತ್ತು ತಂದವನು ಆ ಮನೆಯ ಮಗ. ಅವನ ಹೆಂಡತಿ ಆ ಹೊತ್ತಿಗೆ ಹಿಂದಿನ ಕೋಣೆಯಲ್ಲಿ ಹಲಗೆಯ ಮೇಲೆ ಮಲಗಿ ಹೆರಿಗೆ ನೋವು ತಿನ್ನುತ್ತಿದ್ದಳು. ಸೈಕಲ್ಲು ಅವಳ ಅಪ್ಪ ಮದುವೆಯಲ್ಲಿ ಕೊಟ್ಟದ್ದು. ನಾನು ಅವಳ ಪಕ್ಕದಲ್ಲೇ ಇದ್ದುದರಿಂದ ಈ ದೃಶ್ಯವನ್ನು ಕಣ್ಣಾರೆ ನೋಡಲಿಲ್ಲ. ನೋಡಿದವರು ಆಮೇಲೆ ಮೆಚ್ಚುಗೆಯಿಂದಲೇ ಹೇಳಿದರು, ಒಂದು ಗೀರೂ ಬೀಳದ ಹಾಗೆ ತಂದನಂತೆ.

ಕನ್ನಡ ಸೀಮೆಗಳೆಲ್ಲ ಒಂದು ರಾಜ್ಯವಾಗಿ ಎರಡು ವರ್ಷ ಆಗಿರಬೇಕು. ನಾನು ಶಿಕಾರಿಪುರ ತಾಲ್ಲೂಕಿನ ಗಡಿಯ ಒಂದು ಹಳ್ಳಿಯಲ್ಲಿ ಹೆರಿಗೆ ಕೇಂದ್ರದ ಮಿಡ್‌ವೈಫ್ ಆಗಿದ್ದೆ. ಕೇಂದ್ರವೆಂದರೆ ಒಂದು ಕೋಣೆ, ಒಂದು ಕಬ್ಬಿಣದ ಮಂಚ, ಒಂದು ಬೀರು. ಅಲ್ಲಿಂದ ಎರಡು ಮೈಲಿ ಪಶ್ಚಿಮಕ್ಕೆ ನಡೆದರೆ ಸೊರಬ ತಾಲ್ಲೂಕು. ಗಡಿಯಾಚೆಯ ಹೆರಿಗೆ ನನ್ನ ಕೆಲಸವಲ್ಲ. ಆದರೆ ಆ ಫಾಲ್ಗುಣದಲ್ಲಿ ಕ್ಯಾಸನೂರಿನ ಕಡೆ ಕಾಡಿನಲ್ಲಿ ಮಂಗಗಳು ಸಾಯುತ್ತಿದ್ದವು, ಜನರಿಗೆ ಎಂಥದೋ ಜ್ವರ ಬರುತ್ತಿತ್ತು. ಸೊರಬದ ಕಡೆಯ ಮಿಡ್‌ವೈಫನ್ನೂ ಆ ಜ್ವರದ ಕೆಲಸಕ್ಕೆ ಕಳಿಸಿದ್ದರು. ಹಾಗಾಗಿ ಯುಗಾದಿಗೆ ಇನ್ನೊಂದು ವಾರ ಇದೆ ಎನ್ನುವಾಗ, ಬೆಳಗಿನ ಹೊತ್ತು, ಗಡಿಯಾಚೆಯ ಒಂದು ಊರಿನ ಪಟೇಲರ ಗಾಡಿ ನನ್ನ ಬಾಗಿಲಿಗೆ ಬಂತು. ನಾನು ರಿಜಿಸ್ಟರಿನಲ್ಲಿ ‘ಗಡಿಯಾಚೆ, ತುರ್ತು’ ಎಂದು ಬರೆದು, ಅದನ್ನೂ ಚೀಲಕ್ಕೆ ಹಾಕಿಕೊಂಡು ಗಾಡಿ ಹತ್ತಿದೆ.

ನೋವು ಶುರುವಾಗಿ ಎರಡನೆಯ ದಿನ ಎಂದು ಗಾಡಿಯವನು ದಾರಿಯಲ್ಲಿ ಹೇಳಿದ. ಊರಿನ ಸೂಲಗಿತ್ತಿ ಮುದುಕಿ ಹಿಂದಿನ ದಿನವೇ ನನ್ನನ್ನು ಕರೆಸಿ ಎಂದಿದ್ದಳಂತೆ. ಪಟೇಲರು ಒಪ್ಪಿರಲಿಲ್ಲ. ಅವರ ಮನೆಯಲ್ಲಿ ಮೂರು ತಲೆಮಾರಿನಿಂದ ಹೊರಗಿನವರು ಬಂದು ಹೆರಿಗೆ ಮಾಡಿಸಿದ್ದಿಲ್ಲ. ಈಗ ಸರ್ಕಾರದ ನರ್ಸಮ್ಮ ಬಂದರೆ ಊರವರು ಏನೆಂದುಕೊಂಡಾರು ಎಂಬ ಚಿಂತೆ ಅವರಿಗೆ. ಒಂದು ಇಡೀ ದಿನ ಆ ಹುಡುಗಿ ನರಳಿದ್ದು ಆ ಚಿಂತೆಗಾಗಿ.

ಮನೆ ನೋಡಿದ ಕೂಡಲೇ ಆ ಮನೆಯವರ ಲೆಕ್ಕಾಚಾರ ನನಗೆ ಗೊತ್ತಾಯಿತು. ಪೂರ್ವಕ್ಕೆ ಮುಖ ಮಾಡಿದ ಮುಂಭಾಗಕ್ಕೆ ಹೊಸ ಮಂಗಳೂರು ಹೆಂಚು. ಅಲ್ಲಿ ಜಗಲಿ, ನಡುಮನೆ, ಭತ್ತ ತುಂಬಿಡುವ ಕೋಣೆ. ಅಡಿಗೆಮನೆ ದಾಟಿ ಹಿಂದಕ್ಕೆ ಹೋದರೆ ಹೆಂಚು ಮುಗಿದು ಹುಲ್ಲಿನ ಮಾಡು ಶುರು. ಬಸುರಿಯನ್ನು ಇಟ್ಟಿದ್ದು ಅಲ್ಲಿ, ಬಚ್ಚಲಿಗೂ ಕೊಟ್ಟಿಗೆಗೂ ಒತ್ತಿಕೊಂಡಿದ್ದ ಕತ್ತಲೆ ಕೋಣೆಯಲ್ಲಿ. ಹೆಂಚು ಸಾಲದೆ ಹೋಯಿತೇ ಎಂದು ನಾನು ಆಮೇಲೊಮ್ಮೆ ಆ ಮನೆಯವರನ್ನು ಕೇಳಿದ್ದುಂಟು. ಭತ್ತದ ಕೋಣೆಯವರೆಗೆ ಸರಿಯಾಗಿ ಸಾಕಾಯಿತು ಎಂದರು, ತಮಾಷೆ ಗೊತ್ತಾಗದೆ.

ಮುಂದಿನ ಅಂಗಳದಲ್ಲಿ ಶಿರಾಳಕೊಪ್ಪದ ಕಲಾಯಿಯವರೊಬ್ಬರು ಗುಂಡಿ ತೋಡಿ, ಕೆಂಡಕ್ಕೆ ಗಾಳಿ ಊದುವ ತೊಗಲಿನ ತಿದಿ ಹೂಡಿ ಕೂತಿದ್ದರು. ಹಬ್ಬಕ್ಕೆ ಮುಂಚೆ ಮನೆಯ ತಾಮ್ರ ಹಿತ್ತಾಳೆಗೆಲ್ಲ ಕಲಾಯಿ ಹಾಕಿಸುವುದು ವಾಡಿಕೆ. ಐವತ್ತರ ಹತ್ತಿರದ, ಮಾತು ಕಡಿಮೆಯ ಮುಸಲ್ಮಾನರು. ಪಾತ್ರೆಗಳ ರಾಶಿಯ ಹಿಂದಿನಿಂದ ನನ್ನ ಚೀಲ ನೋಡಿ, ತಲೆಯಾಡಿಸಿ, ಮತ್ತೆ ಕೆಂಡದ ಕಡೆ ತಿರುಗಿದರು.

ಹುಡುಗಿಗೆ ಹತ್ತೊಂಬತ್ತು ವರ್ಷ. ನಾಡಿ ಜೋರಾಗಿತ್ತು, ತುಟಿ ಒಣಗಿತ್ತು. ಹೊಟ್ಟೆ ಮುಟ್ಟಿ ನೋಡಿದೆ. ಪಕ್ಕೆಲುಬಿನ ಕೆಳಗೆ ಗಟ್ಟಿಯಾಗಿ ದುಂಡಗೆ ಕೈಗೆ ಸಿಕ್ಕಿದ್ದು ತಲೆ. ಮರದ ಕೊಳವೆಯನ್ನು ಹೊಕ್ಕುಳಿನ ಮೇಲ್ಭಾಗದಲ್ಲಿ ಇಟ್ಟು ಕಿವಿಗೊಟ್ಟಾಗ ಮಗುವಿನ ಎದೆಬಡಿತ ಕೇಳಿಸಿತು. ಮಗು ತಿರುಗಿರಲಿಲ್ಲ, ಕುಂಡೆ ಮುಂದಾಗಿ ಕೂತಿತ್ತು. “ತಲೆ ಮೇಲೈತೆ ಅಂತ ನಿನ್ನೇನೇ ಹೇಳಿದ್ದೆ,” ಎಂದಳು ಸೂಲಗಿತ್ತಿ. ಕೈಯಲ್ಲಿ ಕೊಳವೆಯೂ ಇಲ್ಲದೆ ಅವಳು ಕಂಡುಹಿಡಿದಿದ್ದಳು. ಆ ಮನೆಯಲ್ಲಿ ತಲೆ ಇದ್ದದ್ದು ಅವಳೊಬ್ಬಳಿಗೆ.

ಇಂಥ ಹೆರಿಗೆಯಲ್ಲಿ ಮೈ ಮೊದಲು ಬರುತ್ತದೆ, ತಲೆ ಕೊನೆಗೆ. ಹೊಕ್ಕುಳು ಹೊರಗೆ ಕಂಡ ಮೇಲೆ ಬಳ್ಳಿ ಒಳಗೆ ಒತ್ತಿಕೊಳ್ಳುತ್ತದೆ. ಅಲ್ಲಿಂದ ಕೆಲವೇ ನಿಮಿಷಗಳಲ್ಲಿ ತಲೆ ಹೊರಬರಬೇಕು. ಹಾಗೆಂದು ಎಳೆಯುವಂತಿಲ್ಲ. ಎಳೆದರೆ ಮಗು ಕೈ ಮೇಲೆತ್ತಿಕೊಳ್ಳುತ್ತದೆ, ಗದ್ದ ಸಿಕ್ಕಿಕೊಳ್ಳುತ್ತದೆ. ತಾಯಿಯನ್ನು ಎತ್ತರದ ಜಾಗದ ಅಂಚಿಗೆ ತಂದು, ಮಗುವಿನ ಮೈ ತನ್ನ ಭಾರಕ್ಕೆ ತಾನೇ ಜೋತುಬೀಳಲು ಬಿಟ್ಟು, ಕತ್ತಿನ ಹಿಂದಿನ ಕೂದಲಂಚು ಕಾಣುವವರೆಗೆ ಸುಮ್ಮನೆ ಕಾಯಬೇಕು. ಕಲಿತ ಕೈಗೆ ಇದಕ್ಕಿಂತ ಕಷ್ಟದ ಕೆಲಸವಿಲ್ಲ.

ಗಾಡಿಯಲ್ಲೇ ಸೊರಬದ ಆಸ್ಪತ್ರೆಗೆ ಕರೆದುಕೊಂಡು ಹೋಗೋಣ ಎಂದು ಪಟೇಲರಿಗೆ ಹೇಳಿದೆ. ಅವರು ಬಾಗಿಲಾಚೆ ನಿಂತು, ತಮ್ಮ ಮನೆಯ ಹೆಣ್ಣುಮಕ್ಕಳು ಆಸ್ಪತ್ರೆಯಲ್ಲಿ ಹೆತ್ತವರಲ್ಲ ಎಂದರು. ವಾದ ಮಾಡಲು ಹೊತ್ತಿರಲಿಲ್ಲ. ಗರ್ಭಕೋಶದ ಬಾಯಿ ಬಹುಪಾಲು ತೆರೆದಿತ್ತು. ದಾರಿಯಲ್ಲೇ ಹೆರಿಗೆಯಾಗುವ ಸಂಭವವಿತ್ತು. ಇಲ್ಲೇ ಆಗಲಿ ಎಂದು ತೀರ್ಮಾನಿಸಿದೆ. ಎರಡು ಮರದ ಒರಳುಗಳನ್ನು ಬೋರಲು ಹಾಕಿಸಿ, ಅಗಲವಾದ ಹಲಗೆ ಇಡಿಸಿ, ಮೇಲೆ ರಬ್ಬರ್ ಶೀಟು ಹಾಸಿ ಹುಡುಗಿಯನ್ನು ಮಲಗಿಸಿದೆ. ಕತ್ತರಿ, ದಾರ, ಬಟ್ಟೆತುಂಡುಗಳನ್ನು ಕುದಿಸಿ ಎನಾಮಲ್ ತಟ್ಟೆಯಲ್ಲಿ ಮುಚ್ಚಿಟ್ಟೆ. ಆಮೇಲೆ ಅತ್ತೆಯನ್ನು ಕರೆದು, ಒಂದು ಹಂಡೆ ಬಿಸಿನೀರು ಬೇಕು, ಬೇಗ ಆಗಬೇಕು ಎಂದೆ.

ಒಂದು ಹೆರಿಗೆಗೆ ಹಂಡೆ ನೀರೇ ಎಂದು ಆಕೆ ಮುಖ ಸಿಂಡರಿಸಿದರು. ನಾನು ಇನ್ನೂ ಗಡುಸಾಗಿ, ಈಗಲೇ ಬೇಕು ಎಂದೆ. ಬಚ್ಚಲ ಒಲೆ ನಮ್ಮ ಕೋಣೆಯ ಹಿಂಗೋಡೆಯ ಆಚೆ ಇತ್ತು. ಒಣಗಿದ ತೆಂಗಿನ ಗರಿಗಳನ್ನು ಎಳೆದುಕೊಂಡು ಬರುವ ಸದ್ದು ಕೇಳಿಸಿತು. ಒಲೆಯ ಬಾಯಿಂದ ಹೊರಗೆ ಚಾಚುವಷ್ಟು ಗರಿ ತುರುಕಿರಬೇಕು. ನಾನು ಆ ಕಡೆ ಗಮನ ಕೊಡಲಿಲ್ಲ. ನೀರು ಕಾಯುತ್ತಿದೆ ಎಂದಷ್ಟೇ ಅಂದುಕೊಂಡೆ.

ಹನ್ನೊಂದರ ಹೊತ್ತಿಗೆ ಮೂರು ಮೂರು ನಿಮಿಷಕ್ಕೆ ನೋವು ಬರತೊಡಗಿತು. ಒಂದು ನೋವು ಇಳಿಯುವಾಗ ಸೂಲಗಿತ್ತಿ ಮೂಗು ಮೇಲೆತ್ತಿದಳು. ನಾನೂ ಮೇಲೆ ನೋಡಿದೆ. ಹುಲ್ಲಿನ ಒಳಮೈಯಲ್ಲಿ ಬಿಳಿ ಹೊಗೆ ಹರಿಯುತ್ತಿತ್ತು. ಮರುಕ್ಷಣ ಬಚ್ಚಲ ಕಡೆಯ ಮೂಲೆ ಚಟಚಟ ಎಂದಿತು. ಕೊಟ್ಟಿಗೆಯ ಮೂಲಕ ಹಿತ್ತಲಿಗೆ ಹೋಗುವ ದಾರಿ ಆ ಮೂಲೆಯಲ್ಲೇ ಇತ್ತು, ಅದು ಮುಚ್ಚಿಹೋಯಿತು. ಉಳಿದದ್ದು ಅಡಿಗೆಮನೆ, ನಡುಮನೆ ದಾಟಿ ಮುಂಬಾಗಿಲು. ಆ ದಿನ ಪಡುವಣ ಗಾಳಿ; ಹಿಂದಿನಿಂದ ಮುಂದಕ್ಕೆ ಬೀಸುತ್ತಿತ್ತು. ಬೆಂಕಿ ನಮ್ಮ ಹಿಂದೆಯೇ ಬರುತ್ತದೆ ಎಂದಾಯಿತು.

ಅತ್ತೆ ಬೆಂಕಿ ಬೆಂಕಿ ಎಂದು ಕೂಗಿಕೊಂಡು ನಮ್ಮ ಬಾಗಿಲ ಮುಂದೆಯೇ ಓಡಿದರು. ಒಳಗೆ ಇಣುಕಲಿಲ್ಲ. ಸ್ವಲ್ಪ ಹೊತ್ತಿಗೆ ವಾಪಸು ಬಂದರು. ಸೊಸೆಗಾಗಿ ಎಂದುಕೊಂಡೆ. ಅಡಿಗೆಮನೆಯ ನಾಗಂದಿಗೆಯ ಮೇಲಿನ ಉಪ್ಪಿನಕಾಯಿ ಭರಣಿಗಳನ್ನು ಒಂದೊಂದಾಗಿ ಸೆರಗಿನಲ್ಲಿ ಸುತ್ತಿ ಇಳಿಸಿಕೊಂಡು, ಹೆರಿಗೆ ಕೋಣೆಯ ಗಾಳಿ ತಾಗದ ಹಾಗೆ ಗೋಡೆ ಬಳಸಿ ಹೋದರು.

ಆಗ ನಾನು ತೀರ್ಮಾನ ಮಾಡಬೇಕಾದದ್ದು ಇಷ್ಟು. ಮುಂದಿನ ನೋವಿಗೆ ಮಗುವಿನ ಕುಂಡೆ ಹೊರಗೆ ಕಾಣಬಹುದು. ಸೊಂಟದವರೆಗೆ ಬಂದುಬಿಟ್ಟರೆ ಅವಳನ್ನು ಅಲುಗಿಸುವಂತಿಲ್ಲ; ತಲೆ ಬರುವವರೆಗೆ ಅಲ್ಲೇ ನಿಲ್ಲಬೇಕು, ಮಾಡು ತಲೆಯ ಮೇಲೆ ಬಿದ್ದರೂ. ಈಗಲೇ ಎತ್ತಿದರೆ ನಡುದಾರಿಯಲ್ಲಿ ನೋವು ಬರಬಹುದು. ಎರಡು ನೋವಿನ ನಡುವೆ ನನಗೆ ಸಿಗುವುದು ಎರಡು ನಿಮಿಷ ಚಿಲ್ಲರೆ. ಚೀಲದಲ್ಲಿ ರಕ್ತಸ್ರಾವ ನಿಲ್ಲಿಸುವ ಸೂಜಿಮದ್ದಿತ್ತು, ರಿಜಿಸ್ಟರಿತ್ತು, ಸರ್ಕಾರದ ಸಾಮಾನುಗಳಿದ್ದವು. ಅದನ್ನು ಹಿಡಿಯಲು ಒಂದು ಕೈ ಬೇಕು, ಹಲಗೆ ಹೊರಲು ನಮ್ಮಿಬ್ಬರ ನಾಲ್ಕು ಕೈಯೂ ಸಾಲದು. ಚೀಲ ಬಿಟ್ಟೆ. ಎನಾಮಲ್ ತಟ್ಟೆಯನ್ನು ಮಾತ್ರ ಹುಡುಗಿಯ ಎದೆಯ ಮೇಲಿಟ್ಟು, ಬಿಗಿಯಾಗಿ ಹಿಡಿದುಕೋ ಎಂದೆ. ತಿಣುಕಬೇಡ, ನಾಯಿ ತೇಕುವ ಹಾಗೆ ಬಾಯಲ್ಲಿ ಉಸಿರಾಡು ಎಂದೂ ಹೇಳಿದೆ. ಅವಳು ಕಣ್ಣು ಮುಚ್ಚಿ ಹಾಗೇ ಮಾಡಿದಳು.

ಹೊರಗೆ ನಾಲ್ಕೂ ಕಡೆ ಕೂಗಾಟ. ಜನ ಬಂದಿದ್ದರು. ಹಲಗೆ ಹಿಡಿಯಲು ಯಾರಾದರೂ ಬನ್ನಿ ಎಂದು ನಾನು ಎರಡು ಸಲ ಕೂಗಿದೆ. ಗಂಡಸರು ಹೆರಿಗೆ ಕೋಣೆಗೆ ಬರುವ ಹಾಗಿಲ್ಲವಲ್ಲ. ಸುಟ್ಟು ಸಾಯಬಹುದು, ಮೈಲಿಗೆ ಆಗಬಾರದು. ಕೊನೆಗೆ ಹೊಗೆಯೊಳಗಿಂದ ಕೆಮ್ಮುತ್ತ ಬಂದವರು ಕಲಾಯಿಯವರು.

“ನನ್ನ ತಿದಿ ದೂರ ಸರಿಸಿಟ್ಟು ಬಂದೆ, ಅದಕ್ಕೇ ತಡ ಆಯ್ತು,” ಎಂದರು. ತಲೆಯ ಕಡೆಯ ಎರಡೂ ತುದಿ ಅವರೊಬ್ಬರೇ ಹಿಡಿದರು. ಕಾಲಿನ ಕಡೆ ನಾನು, ಸೂಲಗಿತ್ತಿ.

ಅಡಿಗೆಮನೆ ದಾಟುವಾಗ ಅತ್ತೆ ಎದುರಾದರು. ಮನೆ ಹೊತ್ತಿ ಉರಿಯುವಾಗ ಆಕೆಯ ಕಣ್ಣಿಗೆ ಬಿದ್ದದ್ದು ಕಲಾಯಿಯವರು ಅಡಿಗೆಮನೆಯೊಳಗೆ ಕಾಲಿಟ್ಟದ್ದು. ಏನೋ ಕಿರುಚಿದರು. ನಾವು ನಿಲ್ಲಲಿಲ್ಲ. ನಿಂತದ್ದು ನಡುಮನೆಯ ಬಾಗಿಲಲ್ಲಿ, ಯಾಕೆಂದರೆ ಅಲ್ಲಿ ಒಂದು ಕುರ್ಚಿ ಸಿಕ್ಕಿಕೊಂಡಿತ್ತು. ತೋಳು ಚಾಚಿದ, ತೇಗದ ಮರದ ಆರಾಮ ಕುರ್ಚಿ. ಸಾಹೇಬರು ಊರಿಗೆ ಬಂದಾಗ ಕೂರುವುದು. ಪಟೇಲರು ಜಗಲಿಯ ಕಡೆಯಿಂದ ಅದನ್ನು ಎಳೆಯುತ್ತಿದ್ದರು. ತೋಳುಗಳು ಬಾಗಿಲ ಚೌಕಟ್ಟಿಗೆ ಕಚ್ಚಿಕೊಂಡಿದ್ದವು.

ನಮ್ಮ ಹಿಂದೆ ಹುಲ್ಲಿನ ಮಾಡು ಕುಸಿದ ಸದ್ದು ಬಂತು. ಹಲಗೆಯ ಮೇಲೆ ಹುಡುಗಿಯ ಉಸಿರಾಟ ಬದಲಾಯಿತು, ನೋವು ಬರುತ್ತಿತ್ತು.

“ಬಿಡ್ರಿ ಪಟೇಲ್ರೆ,” ಎಂದರು ಕಲಾಯಿಯವರು.

“ಸಾಹೇಬ್ರು ಕೂತ ಕುರ್ಚಿ ಅದು, ಸ್ವಲ್ಪ ತಡಿ, ಓರೆ ಮಾಡಿ ತೆಗಿತೀನಿ,” ಎಂದರು ಪಟೇಲರು.

ಕಲಾಯಿಯವರು ಕಾಲೆತ್ತಿ ಒದ್ದರು. ಕುರ್ಚಿಯ ಒಂದು ತೋಳು ಮುರಿದು, ಕುರ್ಚಿ ಪಟೇಲರ ಸಮೇತ ಜಗಲಿಗೆ ಬಿತ್ತು. ನಾವು ಅದರ ಮೇಲೆ ದಾಟಿಕೊಂಡು ಅಂಗಳಕ್ಕೆ ಇಳಿದೆವು.

ಅಂಗಳದಲ್ಲಿ ಅವಳನ್ನು ಮಲಗಿಸಲು ಜಾಗವಿರಲಿಲ್ಲ. ಎಲ್ಲ ಕಡೆ ಉಳಿಸಿ ತಂದ ಸಾಮಾನು: ಭರಣಿ, ಚಾಪೆ, ಪಾತ್ರೆ, ದರ್ಬಾರು ಪೇಟ ಸುತ್ತಿದ ಪಟೇಲರ ಪಟ. ಸೈಕಲ್ಲಿಗೆ ಒಂದು ಮರದ ಇಡೀ ನೆರಳು. ಅವಳ ಗಂಡ ಅದರ ಸೀಟಿನ ಮೇಲೆ ಕೈಯಿಟ್ಟುಕೊಂಡು ನಿಂತಿದ್ದ. ದೂರದ ಹುಣಿಸೆ ಮರದ ಕೆಳಗೆ ಊರವರು ಭತ್ತದ ಮೂಟೆಗಳನ್ನು ಅಡಕಿದ್ದರು. ನನ್ನ ಕಣ್ಣು ಆ ಮೂಟೆಗಳ ಎತ್ತರದ ಮೇಲೆ ಬಿತ್ತು. ನೆಲದ ಮೇಲೆ ಈ ಹೆರಿಗೆ ಮಾಡಿಸುವಂತಿಲ್ಲ; ಮಗು ಜೋತುಬೀಳಲು ಅಂಚು ಬೇಕು. ಮೂಟೆಗಳ ಮೇಲೆ ಹಲಗೆ ಇಳಿಸಿ ಎಂದೆ.

ಪಟೇಲರು ಕುಂಟಿಕೊಂಡು ಓಡಿಬಂದರು.

“ಬೀಜದ ಭತ್ತ ಅದು. ಅದರ ಮೇಲೆ ಬ್ಯಾಡ, ಮೈಲಿಗೆ ಆಗ್ತದೆ. ಬೇರೆ ಕಡೆ ಇಡ್ರಿ.”

“ನಿಮ್ಮ ಸೊಸೆ ಇಲ್ಲೇ ಹೆರ್ತಾಳೆ,” ಎಂದೆ. “ಭತ್ತ ಬೇಕಾದ್ರೆ ಆಮೇಲೆ ತೊಳ್ಕೊಳ್ರಿ.”

ಅವರ ಮುಖ ನೋಡುತ್ತ ಕೂರಲು ಸಮಯವಿರಲಿಲ್ಲ. ಸೂಲಗಿತ್ತಿ ತನ್ನ ಸೀರೆಯ ಸೆರಗನ್ನು ಬಿಚ್ಚಿ ಒಂದು ಕಡೆ ಮರೆ ಹಿಡಿದಳು. ಇನ್ನೊಂದು ಕಡೆ ಕಲಾಯಿಯವರು ನಮಗೆ ಬೆನ್ನು ತಿರುಗಿಸಿ, ತಮ್ಮ ಕಂಬಳಿಯನ್ನು ಎರಡು ಕೈಯಲ್ಲಿ ಅಗಲಿಸಿ ಹಿಡಿದು ನಿಂತರು. ಎಲ್ಲ ಮುಗಿಯುವವರೆಗೆ ಅವರು ಕತ್ತು ತಿರುಗಿಸಲಿಲ್ಲ, ಕೈ ಇಳಿಸಲಿಲ್ಲ.

ಎರಡು ನೋವಿಗೆ ಕುಂಡೆ ಬಂತು, ಕಾಲು ಮಡಚಿಕೊಂಡೇ ಬಂದು ಬಿಚ್ಚಿಕೊಂಡವು. ಹೊಕ್ಕುಳು ಕಂಡ ತಕ್ಷಣ ಬಳ್ಳಿಯನ್ನು ಒಂದಿಷ್ಟು ಸಡಿಲ ಮಾಡಿದೆ, ಬಡಿತ ನಿಧಾನವಾಗಿತ್ತು. ತೋಳುಗಳು ಎದೆಯ ಮೇಲೆ ಮಡಚಿಕೊಂಡಿದ್ದವು. ಅದು ಅದೃಷ್ಟ. ಭುಜ ಹೊರಬಂದ ಮೇಲೆ ಮೈಯನ್ನು ಬಟ್ಟೆಯಲ್ಲಿ ಸುತ್ತಿ ಕೈ ಬಿಟ್ಟೆ. ಮಗು ಹಲಗೆಯ ಅಂಚಿನಿಂದ ಜೋತುಬಿತ್ತು. ಹಿಂದೆ ಮನೆ ಉರಿಯುತ್ತಿತ್ತು, ಹೆಂಚುಗಳು ಸಿಡಿಯುತ್ತಿದ್ದವು, ಸೂಲಗಿತ್ತಿ ಬಾಯಲ್ಲೇ ಏನೋ ಬೇಡಿಕೊಳ್ಳುತ್ತಿದ್ದಳು. ಎಳೆಯಬೇಕೆಂದು ನನ್ನ ಕೈ ತವಕಪಡುತ್ತಿತ್ತು. ಕೂದಲಂಚು ಕಾಣುವವರೆಗೆ ಕಾದೆ. ಕಂಡ ಮೇಲೆ ಎರಡು ಕಾಲೂ ಸೇರಿಸಿ ಹಿಡಿದು, ನಿಧಾನವಾಗಿ ಕಮಾನಿನ ಹಾಗೆ ಮೇಲಕ್ಕೆತ್ತಿದೆ. ಗದ್ದ, ಬಾಯಿ, ಮೂಗು, ಹಣೆ.

ಗಂಡು ಮಗು. ನೀಲಿಗಟ್ಟಿತ್ತು, ಉಸಿರಿರಲಿಲ್ಲ. ಲೋಳೆ ಎಳೆಯುವ ರಬ್ಬರ್ ಕೊಳವೆ ಚೀಲದ ಜೊತೆ ಬೆಂದುಹೋಗಿತ್ತು. ಬಾಯಿಗೆ ತೆಳು ಬಟ್ಟೆ ಹಾಕಿ ನನ್ನ ಬಾಯಿಂದಲೇ ಎಳೆದು ಉಗುಳಿದೆ, ಬೆನ್ನು ತಿಕ್ಕಿದೆ, ಬಾಯಿಗೆ ಬಾಯಿಟ್ಟು ಕೆನ್ನೆಯಲ್ಲಿದ್ದಷ್ಟೇ ಗಾಳಿ ಊದಿದೆ. ನಾಲ್ಕನೆಯದೋ ಐದನೆಯದೋ ಸಲಕ್ಕೆ ಬಿಕ್ಕಿತು, ಆಮೇಲೆ ಅತ್ತಿತು.

ತಟ್ಟೆಯ ದಾರ ಕತ್ತರಿಯಲ್ಲಿ ಬಳ್ಳಿ ಕಟ್ಟಿ ಕತ್ತರಿಸಿದೆ. ಮಗುವಿನ ಹಿಂದಿನ ಕಸ ಬಿದ್ದ ಮೇಲೂ ರಕ್ತ ನಿಲ್ಲಲಿಲ್ಲ. ಸೂಜಿಮದ್ದು ಇದ್ದಿದ್ದರೆ ಎರಡು ನಿಮಿಷದ ಕೆಲಸ. ಬಿಟ್ಟು ಬಂದದ್ದಕ್ಕೆ ಈಗ ಬೇರೆ ರೀತಿ ಬೆಲೆ ತೆರಬೇಕಾಯಿತು. ಮಗುವನ್ನು ಮೊಲೆಗೆ ಹಚ್ಚಿ, ಹೊಟ್ಟೆಯ ಮೇಲೆ ಅಂಗೈಯಿಟ್ಟು ಗರ್ಭಕೋಶ ಗಟ್ಟಿಯಾಗುವವರೆಗೆ ಒಂದು ಗಂಟೆ ನಾದಿದೆ. ಕೈ ಮರಗಟ್ಟಿದಾಗ ಸೂಲಗಿತ್ತಿ ನಾದಿದಳು. ರಕ್ತ ಹಲಗೆಯಿಂದ ಹನಿದು ಒಂದು ಮೂಟೆಯನ್ನು ಪೂರ್ತಿ ನೆನೆಸಿತ್ತು. ಕೊನೆಗೆ ನಿಂತಿತು.

ಗಂಡು ಎಂದು ತಿಳಿದ ಮೇಲೆ ಪಟೇಲರ ಮೈಲಿಗೆ ಎಲ್ಲಿ ಹೋಯಿತೋ. ಮಧ್ಯಾಹ್ನದ ಹೊತ್ತಿಗೆ, ಮನೆಯ ಹಿಂಭಾಗ ಬೂದಿಯಾಗಿ ಮುಂಭಾಗದ ಗೋಡೆಗಳು ಉಳಿದು ಜನ ನೀರು ಎರಚುವುದನ್ನು ನಿಲ್ಲಿಸಿದಾಗ, ಅವರು ಬಂದವರಿಗೆಲ್ಲ ಹೇಳುತ್ತಿದ್ದರು: ಮೊಮ್ಮಗ ಬೀಜದ ಭತ್ತದ ಮೇಲೇ ಹುಟ್ಟಿದ, ಇದು ದೈವಸಂಕಲ್ಪ, ತಾವೇ ಅಲ್ಲಿ ಮಲಗಿಸಿ ಎಂದದ್ದು. ನಾನು ನಾಲ್ಕು ಮಾರು ದೂರದಲ್ಲಿ ಕೈ ತೊಳೆಯುತ್ತಿದ್ದೆ. ನನ್ನನ್ನು ನೋಡಿಯೂ ಹೇಳಿದರು. ಸುಳ್ಳು ಹೇಳಿ ಕಣ್ಣು ತಪ್ಪಿಸುವಷ್ಟು ನಾಚಿಕೆಯೂ ಆ ಮನುಷ್ಯನಿಗೆ ಇರಲಿಲ್ಲ.

ಪಟೇಲರ ಮನೆಯವರು ನೆಂಟರ ಮನೆ ಸೇರಿದರು. ಬಾಣಂತಿಯನ್ನು ಅಲ್ಲಿಗೆ ಕರೆಯಲಿಲ್ಲ. ಸೂಲಗಿತ್ತಿ ತನ್ನ ಒಂದೇ ಕೋಣೆಯ ಗುಡಿಸಲಿನಲ್ಲಿ ಅವಳಿಗೆ ಜಾಗ ಮಾಡಿದಳು.

ಸಂಜೆ ಬಿಸಿಲು ಇಳಿಯುವಾಗ ಸೊರಬದ ಠಾಣೆಯ ದಫೇದಾರರು ಬಂದರು. ಮಹಜರು ಬರೆಯಬೇಕಿತ್ತು. ಪಟೇಲರು ಹೇಳಿದರು, ಅವರು ಬರೆದರು. ಕಲಾಯಿಯವನ ಗುಂಡಿಯ ಕೆಂಡ ಗಾಳಿಗೆ ಹಾರಿ ಹಿಂದಿನ ಹುಲ್ಲಿನ ಮಾಡಿಗೆ ಬಿದ್ದು ಬೆಂಕಿ ಹತ್ತಿತು ಎಂದು. ಗುಂಡಿ ಇದ್ದದ್ದು ಮನೆಯ ಮುಂದೆ. ಗಾಳಿ ಬೀಸಿದ್ದು ಹಿಂದಿನಿಂದ ಮುಂದಕ್ಕೆ. ಕೆಂಡ ಗಾಳಿಗೆ ಎದುರಾಗಿ, ಹೆಂಚಿನ ಮಾಡು ಹತ್ತಿ ಇಳಿದು, ಹುಲ್ಲನ್ನು ಹುಡುಕಿಕೊಂಡು ಹೋಗಿರಬೇಕು. ಊರಿನ ಹತ್ತು ಜನ ಅಲ್ಲಿ ನಿಂತು ಇದನ್ನು ಕೇಳಿದರು. ಗಾಳಿ ಯಾವ ಕಡೆಯದು ಎಂದು ಗೊತ್ತಿಲ್ಲದ ರೈತ ಇರುವುದಿಲ್ಲ. ಒಬ್ಬರೂ ಬಾಯಿ ಬಿಡಲಿಲ್ಲ. ಹಾನಿಯ ಪಟ್ಟಿಯಲ್ಲಿ ಕುರ್ಚಿಯ ತೋಳನ್ನೂ ಬರೆಸಿದರು.

ದಫೇದಾರರು ನನ್ನ ಕಡೆ ತಿರುಗಿ, ನೀವು ಏನು ನೋಡಿದಿರಿ ಎಂದು ಕೇಳಿದರು.

ಹಂಡೆ ನೀರು ಕೇಳಿದ್ದು ನಾನು. ಬೇಗ ಆಗಬೇಕು ಎಂದದ್ದೂ ನಾನೇ. ಬಂದದ್ದು ನನ್ನ ಗಡಿಯಾಚೆಗೆ, ಅಪ್ಪಣೆಯಿಲ್ಲದೆ. ಸರ್ಕಾರದ ಸಾಮಾನು ಸುಟ್ಟುಹೋಗಿತ್ತು, ಕೆಲಸ ಇನ್ನೂ ಖಾಯಂ ಆಗಿರಲಿಲ್ಲ. ಬಚ್ಚಲ ಒಲೆ ಎಂಬ ಮಾತು ನನ್ನ ಬಾಯಿಂದ ಬಂದರೆ ಪಟೇಲರ ಬಾಯಲ್ಲಿ ಮುಂದಿನ ಮಾತು ಏನಿರುತ್ತದೆ ಎಂದು ನನಗೆ ಗೊತ್ತಿತ್ತು.

“ನಾನು ಒಳಗಿದ್ದೆ. ಬೆಂಕಿ ಹೇಗೆ ಹತ್ತಿತು ಅಂತ ನೋಡಲಿಲ್ಲ,” ಎಂದೆ.

ಅದು ನಿಜ. ಅಷ್ಟು ಹೇಸಿಗೆಯ ನಿಜವನ್ನು ನಾನು ಬೇರೆ ಎಂದೂ ಆಡಿಲ್ಲ. ಕಲಾಯಿಯವರು ನನ್ನನ್ನು ಒಮ್ಮೆ ನೋಡಿದರು. ದಫೇದಾರರು ಅವರನ್ನು ಠಾಣೆಗೆ ಹೊರಡಿಸಿ, ಅವರ ತಿದಿ, ಇಕ್ಕಳ, ತವರದ ಗಂಟು ಎಲ್ಲವನ್ನೂ ಗಾಡಿಗೆ ಹಾಕಿಸಿದರು. ಕಲಾಯಿಯವರು ಗಾಡಿಯ ಹಿಂದೆ ನಡೆದುಕೊಂಡು ಹೋದರು.

ಮರುದಿನವೂ ಅದರ ಮರುದಿನವೂ ನಾನು ಎರಡು ಮೈಲಿ ನಡೆದು ಬಾಣಂತಿಯನ್ನು ನೋಡಿ ಬಂದೆ. ಜ್ವರ ನೋಡಿದೆ, ಹೊಟ್ಟೆ ನೋಡಿದೆ, ಹೊಕ್ಕುಳ ಬಟ್ಟೆ ಬದಲಾಯಿಸಿದೆ. ಗಂಡ ಒಂದು ಸಲ ಬಂದು ಹೊರಗೆ ನಿಂತು ಮಗು ಯಾರ ಹಾಗಿದೆ ಎಂದು ಕೇಳಿ ಹೋದನಂತೆ. ಆ ಮನೆಯವರ ಮೇಲೆ ನನಗೆ ಎಷ್ಟು ತಾತ್ಸಾರವಿತ್ತೆಂದರೆ, ಅದರ ನೆರಳಿನಲ್ಲಿ ನನ್ನ ತಪ್ಪು ನನಗೆ ಕಾಣಿಸುತ್ತಿರಲಿಲ್ಲ. ದಾರಿಯುದ್ದಕ್ಕೂ ಪಟೇಲರನ್ನು ಮನಸ್ಸಿನಲ್ಲಿ ಬೈಯುತ್ತ ನಡೆಯುವುದು ಸುಖವಾಗಿಯೇ ಇತ್ತು.

ಮೂರನೆಯ ದಿನ ಆ ಹುಡುಗಿ, ಮಗುವಿಗೆ ಹಾಲು ಕೊಡುತ್ತ, ತಾನಾಗಿ ಮಾತು ತೆಗೆದಳು.

“ಅಕ್ಕಾ, ಒಲೆಗೆ ಇನ್ನೂ ಗರಿ ತುಂಬು ಅಂತ ಅತ್ತೆ ಆಳಿಗೆ ಹೇಳಿದ್ದು ನನಗೆ ಕೇಳ್ಸಿತ್ತು. ಗೋಡೆ ಸಂದೀಲಿ ಉರಿ ಕಾಣ್ತಿತ್ತು. ನೋವಿನಲ್ಲಿ ಹೇಳಕ್ಕೆ ಆಗಲಿಲ್ಲ. ದಫೇದಾರ್ರು ನನ್ನ ಕೇಳಲಿಲ್ಲ. ಕೇಳಿದ್ರೆ ಹೇಳ್ತೀನಿ.”

ಆ ಮನೆಗೇ ಮರಳಿ ಹೋಗಬೇಕಲ್ಲ ನೀನು ಎಂದೆ.

“ಹೋಗ್ಬೇಕು,” ಎಂದಳು. “ಆ ಕಲಾಯಿಯವ್ರು ಬರದೇ ಇದ್ದಿದ್ರೆ ನನ್ನ ಹೊರೋರು ಯಾರಿದ್ರು?”

ಇಷ್ಟನ್ನು ಅವಳು ದನಿಯೆತ್ತದೆ ಹೇಳಿದಳು. ನಾನು ಹೊಕ್ಕುಳ ಬಟ್ಟೆ ಕಟ್ಟಿ ಮುಗಿಸಿ ಎದ್ದೆ. ಕೇಂದ್ರಕ್ಕೆ ವಾಪಸು ಹೋಗಲಿಲ್ಲ. ರಸ್ತೆಗೆ ನಡೆದು ಸೊರಬದ ಬಸ್ಸು ಹತ್ತಿದೆ.

ಠಾಣೆಯಲ್ಲಿ ದಫೇದಾರರು ನನ್ನನ್ನು ಕೂರಿಸಿ, ಏನು ವಿಷಯ ಎಂದರು. ಹೇಳಿದೆ. ಗಾಳಿಯ ದಿಕ್ಕು, ಗುಂಡಿಯ ಜಾಗ, ಹೊಗೆ ಮೊದಲು ಕಂಡ ಮೂಲೆ, ತೆಂಗಿನ ಗರಿ, ಹಂಡೆ. ಅವರು ದಡ್ಡರಲ್ಲ, ಮೈಗಳ್ಳರು ಅಷ್ಟೇ. ಎಲ್ಲ ಮೊದಲೇ ಅಂದಾಜಿತ್ತು ಎಂದು ಅವರ ಮುಖ ಹೇಳುತ್ತಿತ್ತು. ಪೆನ್ನು ಕೈಯಲ್ಲಿ ಹಿಡಿದು ಬರೆಯದೆ ಕೂತರು.

“ಇದನ್ನ ಬರೆದ್ರೆ ನೀರು ಕೇಳಿದ್ದು ಯಾರು ಅಂತ ಬರ್ತದೆ ನೋಡ್ರಿ. ನಿಮ್ಮ ಮೇಲೇ ಬರ್ತದೆ.”

“ಬರಲಿ. ನಾನೇ ಕೇಳಿದ್ದು ಅಂತಲೇ ಬರೀರಿ,” ಎಂದೆ.

ಬರೆದರು. ಆ ಹೇಳಿಕೆಯ ಕೆಳಗೆ ಸಹಿ ಮಾಡಿದೆ. ಅದರಿಂದ ಮುಂದೆ ಆದದ್ದನ್ನು ಇಲ್ಲೇ ಹೇಳಿ ಮುಗಿಸುತ್ತೇನೆ. ಗಡಿಯಾಚೆ ಅಪ್ಪಣೆಯಿಲ್ಲದೆ ಹೋದದ್ದಕ್ಕೂ ಸರ್ಕಾರದ ಸಾಮಾನು ಕಳೆದದ್ದಕ್ಕೂ ವಿವರಣೆ ಕೇಳಿ ನನಗೆ ಮೆಮೊ ಬಂತು. ಪಟೇಲರು ಮೇಲಿನವರಿಗೆ ಬರೆದ ಅರ್ಜಿ ಅದರ ಜೊತೆಗೇ ಲಗತ್ತಾಗಿತ್ತು. ನರ್ಸಮ್ಮನ ಅವಿವೇಕದಿಂದ ಮನೆ ಸುಟ್ಟಿತು ಎಂದು. ನಾನು ಅರ್ಧ ಪುಟದ ಉತ್ತರ ಬರೆದೆ. ಖಾಯಂ ಆಗುವುದು ಎರಡು ವರ್ಷ ಹಿಂದಕ್ಕೆ ಹೋಯಿತು. ಹುಡುಗಿ ಮಗುವನ್ನೆತ್ತಿಕೊಂಡು ತವರಿಗೆ ಹೋದಳು. ಹಿಂಭಾಗಕ್ಕೂ ಹೆಂಚು ಹಾಕಿಸುವವರೆಗೆ ಬರುವುದಿಲ್ಲ ಎಂದು ಹೇಳಿ ಕಳಿಸಿದಳಂತೆ. ಒಂದೂವರೆ ವರ್ಷ ಬರಲಿಲ್ಲ. ಹಾಕಿಸಿದರು.

ಆದರೆ ಆ ದಿನ ಸೊರಬದಲ್ಲಿ ಇನ್ನೂ ಒಂದು ಗಂಟೆ ನಾನು ಠಾಣೆಯ ಹೊರಗಿನ ಕಟ್ಟೆಯ ಮೇಲೆ ಕಾದೆ. ಕಲಾಯಿಯವರನ್ನು ಬಿಟ್ಟರು. ಸಾಮಾನನ್ನೂ ಕೊಟ್ಟರು. ತಿದಿಯ ತೊಗಲು ಮಡಿಕೆಯಲ್ಲಿ ಹರಿದಿತ್ತು. ಯಾರೋ ಅದರ ಮೇಲೆ ಏನೋ ಭಾರ ಹೇರಿದ್ದರು. ಅವರು ಅದನ್ನು ಬಿಸಿಲಿಗೆ ಹಿಡಿದು ಹರಿದ ಕಡೆಯೆಲ್ಲ ಬೆರಳಾಡಿಸಿ ನೋಡಿದರು. ಯುಗಾದಿಗೆ ನಾಲ್ಕು ದಿನ ಉಳಿದಿತ್ತು. ಅವರ ಕೆಲಸದ ದಿನಗಳೇ ಅವು.

ಬಸ್ ನಿಲ್ಲುವ ಜಾಗದವರೆಗೆ ನಾವು ಒಟ್ಟಿಗೆ ನಡೆದೆವು. ನಾನು ಏನಾದರೂ ಹೇಳಬೇಕಿತ್ತು. ಹೇಳಿಕೆ ಬರೆಸಿದ್ದೇನೆ, ಇನ್ನು ನಿಮಗೆ ತೊಂದರೆಯಿಲ್ಲ ಎಂದೆ. ದಫೇದಾರರು ಹೇಳಿದರು ಎಂದರು. ಮಗು ಚೆನ್ನಾಗಿದೆ ಎಂದೆ. ತಲೆಯಾಡಿಸಿದರು. ಅವರು ಕೃತಜ್ಞತೆ ಹೇಳಬಹುದು ಎಂದು ನಾನು ಒಳಗೊಳಗೇ ಕಾಯುತ್ತಿದ್ದೆ ಎಂಬುದನ್ನು ಬರೆಯದೆ ಬಿಡಬಾರದು.

ಶಿರಾಳಕೊಪ್ಪದ ಬಸ್ಸು ಬಂತು. ಅವರು ತಿದಿಯನ್ನು ಮೇಲೆ ಹಾಕಿಸಿ, ಹತ್ತುವ ಮೊದಲು ನನ್ನ ಕಡೆ ತಿರುಗಿದರು.

“ಬೆಂಕಿ ಬಿದ್ದಾಗ ಏನ್ ಬಿಡಬೇಕು, ಏನ್ ತಗೋಬೇಕು ಅನ್ನೋದಕ್ಕೆ ನಿಮಗೆ ಎರಡು ನಿಮಿಷ ಸಾಕಾಗಿತ್ತಮ್ಮ,” ಎಂದರು. “ಇದಕ್ಕೆ ಮೂರು ದಿನ ಬೇಕಾಯ್ತಾ?”

ಸಿಟ್ಟಿನಿಂದ ಹೇಳಲಿಲ್ಲ. ನಿಜವಾಗಿ ತಿಳಿದುಕೊಳ್ಳಬೇಕೆಂದೇ ಕೇಳಿದ ಹಾಗಿತ್ತು. ಕಂಡಕ್ಟರು ಸೀಟಿ ಊದಿದ. ಅದೇ ಬಸ್ಸು ನನ್ನ ಊರ ದಾರಿಯಲ್ಲೇ ಹೋಗುತ್ತಿತ್ತು. ನಾನು ಹತ್ತಲಿಲ್ಲ, ಮುಂದಿನ ಬಸ್ಸಿಗೆ ಕಾದೆ.